ಅಪ್ಪ ಬಿಟ್ಟುಹೋದ ಮನೆಗೆ ಒಂದು ರೂಪಾಯಿ ತೆರಿಗೆ ಇಲ್ಲ. ಇದು ಸರೀನಾ?

ಮೂರನೇ ಮೇನ್ ನಿವಾಸಿ (ಪ್ರಶ್ನೆ)

ಸ್ವಲ್ಪ ಉದ್ದ ಆಯ್ತು, ಬೇಜಾರು ಮಾಡ್ಕೋಬೇಡಿ.

ಅಪ್ಪ ಹೋಗಿ ಹದಿನಾಲ್ಕು ತಿಂಗಳಾಯಿತು. ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. 1979ರಲ್ಲಿ ಮಹಾಲಕ್ಷ್ಮಿ ಲೇಔಟ್ ಕಡೆ ಅವರಿಗೆ ಒಂದು 30-40 ಸೈಟು ಸಿಕ್ಕಿತ್ತು. ಖಾತೆ ಬದಲಾವಣೆಗೆ ಕಾಗದ ಹುಡುಕುವಾಗ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಕಂತು ಕಟ್ಟಿದ ರಸೀದಿಗಳನ್ನೆಲ್ಲ ದಬ್ಬಳದಲ್ಲಿ ಚುಚ್ಚಿ, ದಾರ ಪೋಣಿಸಿ ಇಟ್ಟಿದ್ದರು. ಒಟ್ಟು ಕೂಡಿಸಿದೆ. 11,340 ರೂಪಾಯಿ. ಒಂದು ರಸೀದಿಯ ಹಿಂದೆ ಪೆನ್ಸಿಲಿನಲ್ಲಿ "ಅಮ್ಮನ ಬಳೆ 2" ಅಂತ ಬರೆದಿದೆ. ಅಜ್ಜಿಯ ಬಳೆ ಮಾರಿ ಆ ಕಂತು ಕಟ್ಟಿರಬೇಕು.

ಇವತ್ತು ಬ್ರೋಕರ್ ಹೇಳುವ ರೇಟು ಎರಡೂವರೆ ಕೋಟಿ.

ಅಮ್ಮ ಮೊದಲೇ ಹೋಗಿದ್ದರು. ವಿಲ್ ಇರಲಿಲ್ಲ. ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟಳು. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಫಿಡವಿಟ್ಟು, ನಾಲ್ಕು ಸಲ ಓಡಾಟ. ಮನೆ ನನ್ನ ಹೆಸರಿಗೆ ಬಂತು. ಖರ್ಚಾಗಿದ್ದು ಕೆಲವು ಸಾವಿರ, ಅದರಲ್ಲೂ ಜೆರಾಕ್ಸು ಆಟೋ ಸೇರಿಸಿ.

ನನ್ನ ಸಂಬಳ ವರ್ಷಕ್ಕೆ 15 ಲಕ್ಷದ ಹತ್ತಿರ. ತಿಂಗಳಿಗೆ ಎಂಟು ಸಾವಿರ ಚಿಲ್ಲರೆ ಟಿಡಿಎಸ್ ಹಿಡಿಯುತ್ತಾರೆ, ನನ್ನ ಕೈಗೆ ಬರುವ ಮುಂಚೆಯೇ. ದುಡಿದಿದ್ದಕ್ಕೆ ತೆರಿಗೆ. ಹದಿನಾರು ವರ್ಷದ ಸಂಬಳದಷ್ಟು ಆಸ್ತಿ ಒಂದೇ ದಿನ ಬಂತು, ನಾನು ಒಂದು ಇಟ್ಟಿಗೆ ಎತ್ತಿಟ್ಟಿಲ್ಲ. ಅದಕ್ಕೆ ತೆರಿಗೆ ಸೊನ್ನೆ.

ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವವರು ಹಾವೇರಿ ಕಡೆಯವರು. ನನ್ನ ವಯಸ್ಸೇ, ಹೆಚ್ಚುಕಮ್ಮಿ ನನ್ನ ಸಂಬಳವೇ. ಅವರೂ ಅಷ್ಟೇ ಟಿಡಿಎಸ್ ಕಟ್ಟುತ್ತಾರೆ. ಆಮೇಲೆ ನನಗೆ ತಿಂಗಳಿಗೆ 26 ಸಾವಿರ ಬಾಡಿಗೆ ಕೊಡುತ್ತಾರೆ. ಅವರ ತಂದೆಗೆ ಬೆಂಗಳೂರಿನಲ್ಲಿ ಸೈಟು ಸಿಕ್ಕಿರಲಿಲ್ಲ, ಅಷ್ಟೇ ವ್ಯತ್ಯಾಸ. ಇತ್ತೀಚೆಗೆ ಬಾಡಿಗೆ ಜಾಸ್ತಿ ಮಾಡಬೇಕು ಅಂತ ಹೇಳೋಕೆ ಮೆಟ್ಟಿಲು ಹತ್ತಿ, ಬಾಗಿಲ ತನಕ ಹೋಗಿ ವಾಪಸ್ ಬಂದೆ.

ಇನ್ನೊಂದು ವಿಷಯ. 11 ಸಾವಿರ ಎರಡೂವರೆ ಕೋಟಿ ಆಗಿದ್ದು ಅಪ್ಪನ ಬುದ್ಧಿವಂತಿಕೆಯಿಂದಲೂ ಅಲ್ಲ. ಕಾವೇರಿ ನೀರು ಬಂತು, ರಸ್ತೆ ಬಂತು, 2014ರಲ್ಲಿ ಮೆಟ್ರೋ ಬಂತು. ಎಲ್ಲರ ತೆರಿಗೆ ದುಡ್ಡು ಸುರಿದು ನಮ್ಮ ಸೈಟಿನ ಬೆಲೆ ಏರಿತು. ಆ ಏರಿಕೆಯಲ್ಲಿ ಸ್ವಲ್ಪ ವಾಪಸ್ ಕೇಳಿದರೆ ತಪ್ಪಾ?

ಹೀಗೆ ಹೆತ್ತವರಿಂದ ಬಂದ ಆಸ್ತಿಗೆ ಐದು ಕೋಟಿ ತನಕ ಏನೂ ಬೇಡ, ಅದರ ಮೇಲಿನ ಭಾಗಕ್ಕೆ ಮಾತ್ರ ಶೇ. 10 ಅಂತ ಇಟ್ಟರೆ ಹೇಗೆ? ನಮ್ಮ ದೇಶದಲ್ಲಿ ಹಿಂದೆ ಇಂಥ ತೆರಿಗೆ ಇತ್ತಂತೆ. ಗೊತ್ತಿರುವವರು ಹೇಳಿ. 2024ರ ಚುನಾವಣೆ ಹೊತ್ತಿನಲ್ಲಿ ಕಾಂಗ್ರೆಸ್‌ನ ಸ್ಯಾಮ್ ಪಿತ್ರೋಡಾ ಇಂಥ ತೆರಿಗೆಗೆ ಅಮೆರಿಕದ ಉದಾಹರಣೆ ಕೊಟ್ಟು ಎದ್ದ ಗಲಾಟೆ ನೆನಪಿದೆ. ದಯವಿಟ್ಟು ಆ ಪಾರ್ಟಿ ಈ ಪಾರ್ಟಿ ಜಗಳ ಇಲ್ಲಿಗೆ ತರಬೇಡಿ.

---

ಗಾಂಧಿಬಜಾರ್ ಗುಮಾಸ್ತ

ಇತ್ತು ಸ್ವಾಮಿ. ನಾನು ಅದರ ಫಾರಂ ತುಂಬಿದವನು. 1980ರಿಂದ ಒಬ್ಬ ಆಡಿಟರ್ ಹತ್ತಿರ ಗುಮಾಸ್ತನಾಗಿದ್ದೆ. ಆಗ ಹೆಸರು ಎಸ್ಟೇಟ್ ಡ್ಯೂಟಿ. ನಮ್ಮ ಆಫೀಸಿನಲ್ಲಿ "ಸಾವಿನ ಸುಂಕ" ಅಂತಿದ್ವಿ. 1953ರ ಕಾಯಿದೆ. ಅಕ್ಟೋಬರ್ 15ರಿಂದ ಜಾರಿ. ಮೇಲಿನ ದರ ಎಷ್ಟಿತ್ತು ಗೊತ್ತಾ? 20 ಲಕ್ಷ ದಾಟಿದ ಭಾಗಕ್ಕೆ ಶೇ. 85. ಹೌದು, ಎಂಬತ್ತೈದು. ನೀವು ಹೇಳುವ ಶೇ. 10 ಕೇಳಿದ್ದರೆ ನಮ್ಮ ಸಾಹುಕಾರರು ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದರು.

ಆದರೆ ಬಂದಿದ್ದು ಎಷ್ಟು? 1985ರ ಬಜೆಟ್‌ನಲ್ಲಿ ಆಗಿನ ಹಣಕಾಸು ಮಂತ್ರಿ ವಿ.ಪಿ. ಸಿಂಗ್ ಅದನ್ನು ತೆಗೆದುಹಾಕುವಾಗ ಹೇಳಿದ್ದು ಇದೇ. ಇಡೀ ದೇಶದಿಂದ ವರ್ಷಕ್ಕೆ ಸುಮಾರು 20 ಕೋಟಿ ಬರುತ್ತೆ, ಅದನ್ನು ವಸೂಲಿ ಮಾಡೋ ಖರ್ಚು ನೋಡಿದರೆ ಗಿಟ್ಟೋದಿಲ್ಲ ಅಂತ. ಒಂದೇ ಆಸ್ತಿಗೆ ಬದುಕಿದ್ದಾಗ ಸಂಪತ್ತಿನ ತೆರಿಗೆ, ಸತ್ತಾಗ ಈ ತೆರಿಗೆ, ಎರಡೆರಡು ಕಾನೂನು ಯಾಕೆ ಅನ್ನೋದೂ ಒಂದು ಕಾರಣ. 1985ರ ಮಾರ್ಚ್ 16ರಿಂದ ಮುಂದೆ ತೀರಿಕೊಂಡವರಿಗೆ ಸುಂಕ ಇಲ್ಲ ಅಂತಾಯಿತು. ಮಾರ್ಚ್ ಶುರುವಿನಲ್ಲೇ ತೀರಿಕೊಂಡ ಒಬ್ಬರ ಮಗ ನಮ್ಮ ಆಫೀಸಿಗೆ ಬಂದು "ಇನ್ನೆರಡು ವಾರ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಹುದಿತ್ತು" ಅಂದಿದ್ದ. ತಮಾಷೆಗೆ ಅಂದನೋ ನಿಜವಾಗಿ ಅಂದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಶೇ. 85 ಇದ್ದೂ 20 ಕೋಟಿ ಯಾಕೆ ಅಂದರೆ, ಜಾಸ್ತಿ ಇದ್ದವರು ಯಾರೂ ಆಸ್ತಿಯನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಂಡು ಸಾಯುತ್ತಿರಲಿಲ್ಲ. ಸಾಯುವ ಎರಡು ವರ್ಷದೊಳಗೆ ಕೊಟ್ಟ ದಾನ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಹಾಗಾಗಿ ಸಕ್ಕರೆ ಕಾಯಿಲೆ ಬಂತು ಅಂದ ಕೂಡಲೇ ಹಂಚೋಕೆ ಶುರು. ಟ್ರಸ್ಟು, ಹೆಂಡತಿ, ಸೊಸೆ, ಮೊಮ್ಮಗ, ಇನ್ನೂ ಹುಟ್ಟದ ಮೊಮ್ಮಗ. ಸಿಕ್ಕಿಹಾಕಿಕೊಳ್ಳುತ್ತಿದ್ದವರು ಯಾರು ಅಂದರೆ, ಸಾವಿನ ಬಗ್ಗೆ ಯೋಚನೆಯೇ ಮಾಡದ ಮಧ್ಯಮ ವರ್ಗದವರು. ವಿನಾಯಿತಿ ಮಿತಿ ಬಹಳ ಕಾಲ ಬರೀ 50 ಸಾವಿರ. ಕೊನೆ ಕೊನೆಗೆ ಒಂದೂವರೆ ಲಕ್ಷ ಮಾಡಿದರು.

ಮಲ್ಲೇಶ್ವರದ ಒಬ್ಬ ಹೆಣ್ಣುಮಗಳು ಬಂದಿದ್ದು ನೆನಪಿದೆ. ಗಂಡ ಹೋಗಿ ಐದು ತಿಂಗಳು. ಆರು ತಿಂಗಳೊಳಗೆ ಲೆಕ್ಕ ಸಲ್ಲಿಸಬೇಕು. ನಾನು ಮೇಜಿನ ಈಚೆ ಕೂತು ಕೇಳಬೇಕು: ಬೆಳ್ಳಿ ತಂಬಿಗೆ ಎಷ್ಟು, ಬೆಳ್ಳಿ ಲೋಟ ಎಷ್ಟು, ದೇವರ ಮನೆಯ ದೀಪ ತೂಕ ಎಷ್ಟು? ಆಕೆ ಬೆರಳು ಮಡಚಿ ಎಣಿಸುತ್ತಾ ಎಣಿಸುತ್ತಾ ಅತ್ತುಬಿಟ್ಟರು. ನನಗೆ ಆಗ ಇಪ್ಪತ್ತೆರಡು ವರ್ಷ. ಮೂರು ಲೋಟ ಕಡಿಮೆ ಬರೆದೆ.

ಆಮೇಲೆ 1998ರಲ್ಲಿ ಗಿಫ್ಟ್ ಟ್ಯಾಕ್ಸ್ ಹೋಯಿತು. 2015ರ ಬಜೆಟ್‌ನಲ್ಲಿ ಜೇಟ್ಲಿ ಸಂಪತ್ತಿನ ತೆರಿಗೆಯನ್ನೂ ತೆಗೆದರು. ಅದೂ ಅಷ್ಟೇ, ದೇಶದಲ್ಲೆಲ್ಲಾ ಸೇರಿ ವರ್ಷಕ್ಕೆ ಸಾವಿರ ಕೋಟಿ ಆಜುಬಾಜು.

ನೀವು "ಸೊನ್ನೆ ತೆರಿಗೆ" ಅಂದಿದ್ದು ಪೂರ್ತಿ ಸರಿಯಲ್ಲ. ಮನೆ ಮಾರಿದರೆ ಕ್ಯಾಪಿಟಲ್ ಗೇನ್ಸ್, ಅಂದರೆ ಮಾರಿದ ಲಾಭದ ಮೇಲಿನ ತೆರಿಗೆ ಕಟ್ಟಬೇಕು. 2001ರ ಏಪ್ರಿಲ್ 1ರ ಬೆಲೆ ಹಿಡಿದು ಲೆಕ್ಕ. ಹಳೇ ಆಸ್ತಿಗೆ ಶೇ. 12.5, ಇಲ್ಲವೇ ಇಂಡೆಕ್ಸೇಷನ್ (ಹಣದುಬ್ಬರಕ್ಕೆ ತಕ್ಕ ಹಾಗೆ ಹಳೇ ಬೆಲೆ ಏರಿಸೋದು) ಹಾಕಿ ಶೇ. 20, ಯಾವುದು ಕಡಿಮೆಯೋ ಅದು. ಮಾರದೇ ಇದ್ದರೆ ಮಾತ್ರ ಸೊನ್ನೆ. ಮಾರಿ ಇನ್ನೊಂದು ಮನೆ ತಗೊಂಡರೂ ಬಹುಪಾಲು ಉಳಿಯುತ್ತದೆ ಅನ್ನೋದು ಬೇರೆ ಮಾತು.

ನನ್ನ ಅಭಿಪ್ರಾಯ ಕೇಳಿದರೆ, ತೆರಿಗೆ ನ್ಯಾಯವೇ. ಆದರೆ ಲೋಟ ಎಣಿಸುವ ತೆರಿಗೆ ಬೇಡ.

---

ತೋಟದ ಮನೆ, ಸಾಗರ

ಅಲ್ಲ ಮಾರಾಯ್ರೇ, ಬೆಂಗಳೂರಿನ ಸೈಟು ನೋಡಿ ಕಾನೂನು ಮಾಡಬೇಡಿ.

ನಮ್ಮದು ನಾಲ್ಕು ಎಕರೆ ಅಡಿಕೆ ತೋಟ. ಕಾಗದದ ಮೇಲೆ ನಾನೂ ಕೋಟ್ಯಧಿಪತಿ. ಮೊನ್ನೆ ಮಳೆಗಾಲದಲ್ಲಿ ಕೊಳೆ ರೋಗ ಬಂದು ಅರ್ಧ ಫಸಲು ಮರದ ಬುಡದಲ್ಲೇ ಉದುರಿತು. ಮೇಲಿಂದ ಎಲೆಚುಕ್ಕಿ ರೋಗ. ಬೋರ್ಡೋ ಔಷಧಿ ಹೊಡೆಯೋಕೆ ಮರ ಹತ್ತುವ ಆಳು ಸಿಗಲ್ಲ, ಸಿಕ್ಕರೂ ಕೇಳುವ ಕೂಲಿ ಕೊಡೋಕೆ ಆಗಲ್ಲ. ಅಪ್ಪ ಸತ್ತ ವರ್ಷ ಸರ್ಕಾರ ಬಂದು "ತೋಟದ ಬೆಲೆಯಲ್ಲಿ ಹತ್ತನೇ ಒಂದು ಭಾಗ ಕೊಡು" ಅಂದರೆ ಎಲ್ಲಿಂದ ತರಲಿ? ಅಡಿಕೆ ಮರಕ್ಕೆ ಎಟಿಎಂ ಇಲ್ಲ. ತೋಟದ ಒಂದು ಮೂಲೆ ಮಾರಬೇಕು. ಆ ಮೂಲೆ ತಗೊಳ್ಳೋದು ಯಾರು? ನಿಮ್ಮ ಬೆಂಗಳೂರಿನವರೇ, ಹೋಂಸ್ಟೇ ಕಟ್ಟೋಕೆ.

ಆದರೆ ಇಷ್ಟು ಹೇಳಿ ಸುಮ್ನೆ ಕೂರೋಕೂ ನನಗೆ ಆಗಲ್ಲ. ಯಾಕಂದ್ರೆ ಈ ತೋಟ ನಮಗೆ ಬಂದಿದ್ದೇ ಬೇರೆಯವರ ಪಿತ್ರಾರ್ಜಿತ ಮುರಿದು. ನಮ್ಮ ಅಜ್ಜ ಗೇಣಿದಾರ. ನಮ್ಮೂರು ಕಾಗೋಡಿಗೆ ಹತ್ತಿರ. 1951ರಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಅಳತೆ ವಿಷಯಕ್ಕೆ ಶುರುವಾದ ಸತ್ಯಾಗ್ರಹ, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆದರಲ್ಲ, ಅದೇ ಕಾಗೋಡು. ಜಮೀನಿನ ಒಡೆಯರ ಕೊಳಗ ಸಾಲ ಕೊಡುವಾಗ ಸಣ್ಣದು, ಗೇಣಿ ತಗೊಳ್ಳುವಾಗ ದೊಡ್ಡದು ಅಂತ ಅಜ್ಜ ಹೇಳ್ತಿದ್ದರು. ಆಮೇಲೆ 1974ರಲ್ಲಿ ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ ಬಂತು, ಗೇಣಿದಾರನೇ ಭೂಮಿ ಕೇಳಬಹುದು ಅಂತ. ಅಜ್ಜ ಡಿಕ್ಲರೇಷನ್ ಹಾಕಿದರು. ಟ್ರಿಬ್ಯೂನಲ್ಲಿಗೆ ಅಲೆದೂ ಅಲೆದೂ ಭೂಮಿ ನಮ್ಮದಾಯಿತು.

ಒಡೆಯರ ಮನೆಯ ಹುಡುಗನಿಗೆ ಅದು ಅಪ್ಪ, ಅಜ್ಜ, ಮುತ್ತಜ್ಜನಿಂದ ಬಂದಿದ್ದು. ಸರ್ಕಾರ ಅವನಿಂದ ಶೇ. 10 ತಗೊಳ್ಳಲಿಲ್ಲ, ಗೇಣಿಗೆ ಕೊಟ್ಟಿದ್ದಷ್ಟನ್ನೂ ತಗೊಂಡಿತು, ಪರಿಹಾರ ಅಂತ ಚೂರು ಕೊಟ್ಟಿತು. ಅವರ ಪೈಕಿ ಒಬ್ಬರು ಈಗ ಸಾಗರದ ಪೇಟೆಯಲ್ಲಿ ಸಣ್ಣ ಅಂಗಡಿ ಇಟ್ಟಿದ್ದಾರೆ. ಸಿಕ್ಕಾಗ ಮಾತಾಡ್ತೇವೆ. ಅಡಿಕೆ ಧಾರಣೆ ಮಾತ್ರ ಮಾತಾಡ್ತೇವೆ.

ಅವತ್ತು ಆಗಿದ್ದು ತಪ್ಪು ಅಂತ ನಾನು ಹೇಳಿದರೆ ಅಜ್ಜನ ಮುಖಕ್ಕೆ ಉಗುಳಿದ ಹಾಗೆ. ಸರಿ ಅಂದರೆ, ನಾಳೆ ನನ್ನ ಮಗನ ಸರದಿ ಬಂದಾಗ ಬೇಡ ಅನ್ನೋಕೆ ಬಾಯಿ ಬರಲ್ಲ. ನೀವೇ ಹೇಳಿ.

---

ಲೆಸ್ಟರ್ ಸೊಸೆ

ಇಲ್ಲಿ ಇಂಗ್ಲೆಂಡಿನಲ್ಲಿ ಈ ತೆರಿಗೆ ಇದೆ, ಅನುಭವಿಸಿದ್ದೇವೆ, ಅದಕ್ಕೆ ಬರೆಯುತ್ತಿದ್ದೇನೆ. 3,25,000 ಪೌಂಡ್ ತನಕ ಏನಿಲ್ಲ. ಅದರ ಮೇಲಿನದಕ್ಕೆ ಶೇ. 40. ಈ ಮಿತಿಯನ್ನು 2009ರಿಂದ ಒಂದು ಪೌಂಡೂ ಏರಿಸಿಲ್ಲ.

ನನ್ನ ಅತ್ತೆ ತೀರಿಕೊಂಡಾಗ ಏನೂ ಕಟ್ಟಲಿಲ್ಲ. ಗಂಡನ ಮಿತಿ ಹೆಂಡತಿಗೆ ಸೇರುತ್ತದೆ, ವಾಸದ ಮನೆ ಮಕ್ಕಳಿಗೆ ಹೋದರೆ ಇನ್ನೊಂದಷ್ಟು ವಿನಾಯಿತಿ. ಎಲ್ಲಾ ಸೇರಿ ಹತ್ತು ಲಕ್ಷ ಪೌಂಡ್ ತನಕ ದಾಟಬಹುದು. ಆದರೆ ಚಿಕ್ಕಮಾವ ಮದುವೆ ಆಗಿರಲಿಲ್ಲ. ಬಸ್ ಡಿಪೋದಲ್ಲಿ ದುಡಿದು ಲಂಡನ್ ಹೊರವಲಯದಲ್ಲಿ ಮನೆ ಮಾಡಿದ್ದರು. ಮನೆ, ಉಳಿತಾಯ ಎಲ್ಲಾ ಸೇರಿ 6,25,000. ಅಣ್ಣನ ಮಗನಿಗೆ ಬರೆದಿಟ್ಟರು. ಅಂದರೆ ನನ್ನ ಗಂಡನಿಗೆ. ಮಿತಿ ಕಳೆದು ಉಳಿದ ಮೂರು ಲಕ್ಷಕ್ಕೆ ಶೇ. 40, ಅಂದರೆ 1,20,000 ಪೌಂಡ್.

ತಮಾಷೆ ಏನು ಗೊತ್ತಾ? ತೆರಿಗೆ ಕಟ್ಟೋಕೆ ಶುರು ಮಾಡಿದ ಮೇಲೆಯೇ ಆಸ್ತಿ ಕೈಗೆ ಬರೋದು. ಆಸ್ತಿ ಕೈಗೆ ಬಂದ ಮೇಲೆಯೇ ತೆರಿಗೆ ಕಟ್ಟೋಕೆ ದುಡ್ಡು. ಮನೆಯ ಭಾಗದ್ದನ್ನು ಹತ್ತು ವರ್ಷದ ಕಂತಿನಲ್ಲಿ ಕಟ್ಟಬಹುದು, ಬಡ್ಡಿ ಸೇರಿಸಿ. ಸಾಗರದವರ ಸಮಸ್ಯೆಗೆ ಇಂಥದ್ದೊಂದು ದಾರಿ ಇರಬಹುದು.

ಗುಮಾಸ್ತರು ಹೇಳಿದ ಎರಡು ವರ್ಷದ ಕಥೆ ಇಲ್ಲಿ ಏಳು ವರ್ಷ. ಕೊಟ್ಟು ಏಳು ವರ್ಷ ಬದುಕಿದರೆ ತೆರಿಗೆ ಇಲ್ಲ. ಗೊತ್ತಿದ್ದವರು ಅರವತ್ತಕ್ಕೇ ಕೊಟ್ಟುಬಿಡ್ತಾರೆ. ಚಿಕ್ಕಮಾವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೊಡುತ್ತಿರಲಿಲ್ಲ, ಜಿಪುಣ!

ಇನ್ನೊಂದು. ಇಲ್ಲಿ ಸತ್ತವರಲ್ಲಿ ನೂರಕ್ಕೆ ಸುಮಾರು ಐದು ಜನರ ಆಸ್ತಿಗೆ ಮಾತ್ರ ಈ ತೆರಿಗೆ ಬೀಳೋದು. ಆದರೆ ಬಸ್ಸಿನಲ್ಲಿ ಯಾರನ್ನೇ ಕೇಳಿ, ತಮ್ಮ ಮನೆಯೇ ಹೋಗುತ್ತೆ ಅನ್ನೋ ಥರ ಬೈತಾರೆ. ಏನೂ ಇಲ್ಲದವರೂ ಬೈತಾರೆ.

ಊರಿನಲ್ಲಿ ಆಸ್ತಿ ಇಟ್ಟುಕೊಂಡು ಇಲ್ಲಿ ನೆಲೆಸಿರುವ ಕನ್ನಡದವರಿಗೆ ಒಂದು ಮಾತು. 2025ರ ಏಪ್ರಿಲ್‌ನಿಂದ ನಿಯಮ ಬದಲಾಗಿದೆ. 20 ವರ್ಷದಲ್ಲಿ 10 ವರ್ಷ ಇಲ್ಲಿ ಇದ್ದವರ ಪ್ರಪಂಚದ ಎಲ್ಲಾ ಆಸ್ತಿ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಮನೆಯೂ ಬರಬಹುದು. ಭಾರತದ ಜೊತೆ 1956ರ ಒಂದು ಹಳೇ ಒಪ್ಪಂದ ಇದೆ, ಅದು ಯಾರಿಗೆ ಅನ್ವಯಿಸುತ್ತೆ ಅಂತ ತಿಳಿದವರ ಹತ್ತಿರ ಕೇಳಿಕೊಳ್ಳಿ.

---

ಟೈಪಿಂಗ್ ಅಂಗಡಿ, ದಾವಣಗೆರೆ

ಎಲ್ಲರೂ ದೊಡ್ಡ ದೊಡ್ಡ ಮಾತಾಡಿದಿರಿ. ಒಂದು ಸಾಲನ್ನು ಯಾರೂ ಓದಲಿಲ್ಲ ಅನಿಸುತ್ತೆ. "ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಕೊಟ್ಟಳು."

ನಾನು ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಹತ್ತೊಂಬತ್ತು ವರ್ಷದಿಂದ ಪತ್ರ ಟೈಪ್ ಮಾಡುತ್ತಿದ್ದೇನೆ. ವಾರಕ್ಕೆ ಎರಡು ಮೂರು ಇಂಥದ್ದೇ. "ಯಾರ ಒತ್ತಾಯ, ಬಲವಂತವೂ ಇಲ್ಲದೆ, ಪ್ರೀತಿ ವಿಶ್ವಾಸದಿಂದ, ಸ್ವಸಂತೋಷದಿಂದ" ಅಂತ ನನ್ನ ಕೈ ತಾನಾಗಿ ಹೊಡೆಯುತ್ತದೆ. ತಲೆ ಎತ್ತಿ ನೋಡಿದರೆ ಬೆಂಚಿನ ಮೇಲೆ ಕೂತ ಹೆಣ್ಣುಮಗಳು ಸೆರಗಿನ ತುದಿ ಸುತ್ತುತ್ತಾ ಇರುತ್ತಾಳೆ. ಅಣ್ಣನೋ ತಮ್ಮನೋ ಹೋಗಿ ಅವಳಿಗೆ ಕಬ್ಬಿನ ಹಾಲು ತಂದುಕೊಡುತ್ತಾನೆ. ಸಹಿ ಆದ ಮೇಲೆ ಒಂದು ಸೀರೆ. ಮುಗೀತು.

ನಿಮ್ಮ ಅಪ್ಪ ಸ್ವಂತ ದುಡ್ಡಿನಲ್ಲಿ ತಗೊಂಡ ಸೈಟು ಪಿತ್ರಾರ್ಜಿತ ಅಲ್ಲ, ಅವರ ಸ್ವಯಾರ್ಜಿತ. ವಿಲ್ ಇಲ್ಲ, ತಾಯಿ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆ ಪ್ರಕಾರ ಮಗಳಿಗೂ ಮಗನಿಗೂ ಸಮಪಾಲು. 1956ರಿಂದಲೇ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿ ಅಂತ ಜನ ಹೇಳ್ತಾರಲ್ಲ, ನಮ್ಮ ರಾಜ್ಯದಲ್ಲಿ 1994ರಲ್ಲೇ ಬಂತು, ಅದು ಹಿರಿಯರಿಂದ ಬಂದ ಒಟ್ಟು ಕುಟುಂಬದ ಆಸ್ತಿಗೆ. ನಿಮ್ಮ ಮನೆಗೆ ಅದರ ಅಗತ್ಯವೇ ಇರಲಿಲ್ಲ. ಅರ್ಧ ಮನೆ ಅವರದ್ದು. ಇವತ್ತಿನ ರೇಟಿಗೆ ಒಂದೂಕಾಲು ಕೋಟಿ.

ಅಪ್ಪನಿಂದ ಬಂದ ಆಸ್ತಿಗೆ ತೆರಿಗೆ ಬೇಕಾ ಅಂತ ಕೇಳಿದಿರಿ. ನಿಮ್ಮ ಅಕ್ಕ ಆಗಲೇ ಕಟ್ಟಿದ್ದಾರೆ ಸರ್. ನೂರಕ್ಕೆ ನೂರು. ಸರ್ಕಾರಕ್ಕಲ್ಲ, ನಿಮಗೆ.

ಮತ್ತೆ ಆ ಐದು ಕೋಟಿ ಮಿತಿ. ನಿಮ್ಮ ಮನೆ ಎರಡೂವರೆ ಅಲ್ವಾ? 😀

---

ಮೂರನೇ ಮೇನ್ ನಿವಾಸಿ

ನಾಲ್ಕು ದಿನ ಉತ್ತರ ಬರೆಯಲಿಲ್ಲ. ದಾವಣಗೆರೆಯವರ ಮಾತು ಓದಿ ಮೊದಲು ಸಿಟ್ಟು ಬಂತು. ಅಕ್ಕ ಒಳ್ಳೇ ಮನೆ ಸೇರಿದ್ದಾಳೆ, ಭಾವನಿಗೆ ಪಿಂಚಣಿ ಬರುತ್ತೆ, ಅವಳೇ "ನನಗೇನು ಬೇಡ" ಅಂದಳು, ಅಂತೆಲ್ಲ ಟೈಪ್ ಮಾಡಿ ಅಳಿಸಿದೆ. ಅವಳು ಬೇಡ ಅಂದಿದ್ದು ನಿಜ. ನಾನು "ಬೇಕಾ" ಅಂತ ಕೇಳಿರಲಿಲ್ಲ ಅನ್ನೋದೂ ನಿಜ. "ಶುಕ್ರವಾರ ಹನ್ನೊಂದಕ್ಕೆ ರಿಜಿಸ್ಟ್ರಾರ್ ಆಫೀಸು, ಆಧಾರ್ ತಗೊಂಡು ಬಾ" ಅಂತ ಮೆಸೇಜ್ ಹಾಕಿದ್ದೆ. ಐದು ಕೋಟಿ ಮಿತಿ ನಾನು ಬೇಕಂತ ಹಾಕಿದ್ದಲ್ಲ. ಆದರೆ ಎರಡು ಕೋಟಿ ಅಂತ ಯಾಕೆ ಬರೆಯಲಿಲ್ಲ ಅಂತ ಕೇಳಿದರೆ ಉತ್ತರ ಇಲ್ಲ.

ನಿನ್ನೆ ರಾತ್ರಿ ಫೋನ್ ಮಾಡಿದೆ. ಟ್ರಂಕಿನ ವಿಷಯದಿಂದ ಶುರು ಮಾಡಿದೆ. ರಸೀದಿ, ಪೆನ್ಸಿಲ್ ಅಕ್ಷರ, "ಅಮ್ಮನ ಬಳೆ 2". ಅಕ್ಕ ನಕ್ಕಳು.

"ಅದು ನನ್ನ ಬಳೆ ಕಣೋ. ನನ್ನ ಮದುವೆಗೆ ಅಂತ ಅಜ್ಜಿ ಎತ್ತಿಟ್ಟಿದ್ದು. ಸಾಯೋ ತನಕ ಹೇಳ್ತಿದ್ರು. ನಿನಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಸೈಟು ಸಿಕ್ಕಾಗ ನನಗೆ ಒಂದು ವರ್ಷ, ಅವಳಿಗೆ ಏಳು.

ಆಮೇಲೆ ಅರ್ಧದ ಮಾತು ಎತ್ತಿದೆ. ಅಳುತ್ತಾಳೆ, ಅಥವಾ "ಛೇ ಬೇಡಪ್ಪ" ಅಂತಾಳೆ ಅಂದುಕೊಂಡಿದ್ದೆ. ಅವಳು ಟಿವಿ ವಾಲ್ಯೂಮ್ ಕಡಿಮೆ ಮಾಡಿದ್ದು ಕೇಳಿಸಿತು. "ಭಾನುವಾರ ಬಾ. ನಿಮ್ಮ ಭಾವನೂ ಇರ್ತಾರೆ. ಲೆಕ್ಕ ಬರ್ಕೊಂಡು ಬಾ, ಬಾಯಿಮಾತು ಬೇಡ" ಅಂದಳು.

ಗುಮಾಸ್ತರೇ, ಒಂದು ಸಹಾಯ. ನಾನು ಈಗ ಅವಳಿಗೆ ದುಡ್ಡು ಕೊಟ್ಟರೆ, ಇಲ್ಲಾ ಮನೆಯಲ್ಲೇ ಪಾಲು ಕೊಟ್ಟರೆ, ಅದಕ್ಕೆ ತೆರಿಗೆ ಬೀಳುತ್ತಾ?

---

ಗಾಂಧಿಬಜಾರ್ ಗುಮಾಸ್ತ

ಇಲ್ಲ. ಐವತ್ತು ಸಾವಿರ ದಾಟಿದ ಗಿಫ್ಟ್‌ಗೆ ತಗೊಂಡವರು ತೆರಿಗೆ ಕಟ್ಟಬೇಕು ಅಂತ ಇದೆ, ಆದರೆ ಸಂಬಂಧಿಕರಿಂದ ಬಂದಿದ್ದಕ್ಕೆ ಇಲ್ಲ. ಒಡಹುಟ್ಟಿದವರು ಆ ಪಟ್ಟಿಯಲ್ಲಿದ್ದಾರೆ. ದುಡ್ಡು ಬ್ಯಾಂಕ್ ಮೂಲಕವೇ ಕೊಡಿ. ಎರಡು ಲಕ್ಷ, ಅದರ ಮೇಲೆ ನಗದಿನಲ್ಲಿ ತಗೊಳ್ಳುವ ಹಾಗಿಲ್ಲ. ಮನೆಯಲ್ಲೇ ಪಾಲು ಕೊಡೋದಾದರೆ ನೋಂದಾಯಿತ ದಾನಪತ್ರ ಮಾಡಿಸಿ. ಮನೆಯವರ ಮಧ್ಯೆ ಮುದ್ರಾಂಕ ಶುಲ್ಕ ಕಡಿಮೆ, ನೀವು ಮೊದಲು ಕಟ್ಟಿದ ಹಾಗೆ ಕೆಲವೇ ಸಾವಿರ. ಮೇಲಿನ ಮನೆಯ ಬಾಡಿಗೆಯಲ್ಲಿ ಅರ್ಧ ಆ ದಿನದಿಂದ ಅಕ್ಕನ ಲೆಕ್ಕಕ್ಕೆ ಹೋಗಬೇಕು, ಅದನ್ನು ಅವರ ರಿಟರ್ನ್ಸ್‌ನಲ್ಲಿ ತೋರಿಸಲಿ.

ಪತ್ರ ಬರೆಸೋಕೆ ದಾವಣಗೆರೆಗೆ ಹೋಗಿ. ಅವರು ಚೆನ್ನಾಗಿ ಟೈಪ್ ಮಾಡ್ತಾರೆ ಅನಿಸುತ್ತೆ.